ಕೊನೆಯಲ್ಲಿ ಮಾತನಾಡುತ್ತಿದ್ದ ಡಾಕ್ಟರು

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬ ಮಾತನ್ನು ನಾನು ಎಂದೂ ಒಪ್ಪಿದವನಲ್ಲ. ಒಳ್ಳೆಯದನ್ನೇ ಆಡುತ್ತ ಹೋದರೆ ಸತ್ತವರು ಎಂಥವರಾಗಿದ್ದರೆಂಬುದೇ ಮರೆತು, ಗಂಧದ ಹಾರ ಹಾಕಿದ ಪಟವೊಂದು ಮಾತ್ರ ಉಳಿಯುತ್ತದೆ. ನಮ್ಮ ಎದೆರೋಗದ ಡಾಕ್ಟರು ತೀರಿಕೊಂಡ ಮೇಲೆ ಶಿವಮೊಗ್ಗದ ವಿದ್ಯಾನಗರದ ಸಭಾಂಗಣವೊಂದರಲ್ಲಿ ಸಂತಾಪಸಭೆ ನಡೆಯಿತು. ಅಲ್ಲಿ ಆಗುತ್ತಿದ್ದುದೂ ಇದೇ. ಅವರ ಕೈಗುಣವನ್ನು ಒಬ್ಬರು ಹೊಗಳಿದರು. ರೋಗಿ ಮೆಟ್ಟಿಲು ಹತ್ತುವ ಸದ್ದಿನಲ್ಲಿಯೇ ಅವರು ಕಾಯಿಲೆಯನ್ನು ಗುರುತಿಸುತ್ತಿದ್ದರೆಂದು ಇನ್ನೊಬ್ಬರು ಹೇಳಿದರು. ಒಬ್ಬ ರೋಗಿಯನ್ನು ನಾಲ್ಕಾರು ಜನ ಕೂಡಿ ನೋಡುವ ಪದ್ಧತಿಯನ್ನು ಅವರು ಪರದೇಶದಲ್ಲಿ ಕಲಿತು ಬಂದರೆಂದು ಮೂರನೆಯವರು ವಿವರಿಸಿದರು.

ಅವರು ಪರದೇಶಕ್ಕೆ ಹೋದವರೇ ಅಲ್ಲ. ಕೈಗುಣವೂ ಅವರಿಗೆ ಇರಲಿಲ್ಲ. ಇದನ್ನು ನನ್ನ ಮೈಮೇಲೆಯೇ ಪರೀಕ್ಷಿಸಿ ತಿಳಿದವನು ನಾನು. ಆ ಸಭೆಯಲ್ಲಿ ಎದ್ದು ನಿಂತು ನಾನು ಏನು ಹೇಳಿದೆ, ಹೇಳಿದ್ದರಿಂದ ಏನಾಯಿತು ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮನುಷ್ಯನ ವಿಚಾರ.

ದಪ್ಪಗಿನ ಆಳು, ಗಿಡ್ಡ. ಅಂಗಿಯ ಜೇಬಿನಲ್ಲಿ ಸದಾ ಒಂದು ಪೆನ್ನು ಸೋರಿದ ಕಲೆ. ಸ್ಟೆತಾಸ್ಕೋಪನ್ನು ರೋಗಿಯ ಎದೆಗಿಡುವ ಮೊದಲು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡುತ್ತಿದ್ದರು. ಶಿವಮೊಗ್ಗದಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಆಸ್ಪತ್ರೆ. ಅದಕ್ಕೆ ಇದ್ದ ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ, 'ಉಬ್ಬಸದವರ ಆಸ್ಪತ್ರೆಯನ್ನು ಮಹಡಿಯ ಮೇಲೆ ಕಟ್ಟಿದ ನಿಮ್ಮ ಬುದ್ಧಿಯನ್ನು ಮೊದಲು ತಪಾಸಣೆ ಮಾಡಿಸಬೇಕು' ಎಂದು ಮೊದಲ ದಿನವೇ ಹೇಳಿದ್ದೆ. ಅವರು ನಕ್ಕು, "ಬಾಡಿಗೆಗೆ ಕೆಳಗೆ ಎಲ್ಲೂ ಸಿಗ್ಲಿಲ್ಲ ಯಜಮಾನ್ರೇ. ಸಿಕ್ಕಿದ್ರೆ ನೀವು ಹೇಳಿ" ಎಂದರು.

ಅವರ ಒಂದು ಅಭ್ಯಾಸವನ್ನು ನಾನು ಬೇರೆ ಯಾವ ವೈದ್ಯರಲ್ಲಿಯೂ ಕಂಡಿಲ್ಲ. ಉಬ್ಬಸದ ಪಂಪನ್ನು ಎಳೆದ ಮೇಲೆ ಔಷಧಿ ಒಳಗೆ ಇಳಿಯಲೆಂದು ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿಯಬೇಕು. ಇದನ್ನು ರೋಗಿಗೆ ಕಲಿಸುವಾಗ ಡಾಕ್ಟರು ತಾವೂ ಉಸಿರು ಬಿಗಿಹಿಡಿಯುತ್ತಿದ್ದರು. ಕಣ್ಣು ಅಗಲವಾಗಿ, ಕೆನ್ನೆ ಉಬ್ಬಿ, ಮುಖ ಕೆಂಪೇರಿ, ರೋಗಿ ಬಿಡುವ ತನಕ ತಾವೂ ಬಿಡುತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬಂದವರೆಲ್ಲರ ಜೊತೆಗೂ ಹೀಗೆಯೇ. ಒಮ್ಮೆ ಕೇಳಿದೆ, "ನಿಮಗೇನು ಕಾಯಿಲೆ ಡಾಕ್ಟ್ರೇ, ನೀವ್ಯಾಕೆ ಹಿಡಿಯೋದು?"

"ಅವರಿಗೆ ಹಿಡಿ ಅಂದು ನಾನು ಆರಾಮಾಗಿ ಉಸಿರಾಡ್ತಾ ಕೂರೋದು ಮರ್ಯಾದೆ ಅಲ್ಲ ಮಾರಾಯ್ರೇ."

ಅವರ ಬಳಿಗೆ ನಾನು ಹೋದದ್ದು ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ನನ್ನದೊಂದು ಪುಸ್ತಕ ಕಟ್ಟುವ ಅಂಗಡಿ. ಶಾಲೆ ಏಳನೆಯ ತರಗತಿಗೆ ನಿಂತಿತ್ತು. ಆಮೇಲಿನ ವಿದ್ಯೆಯೆಲ್ಲ ಕಟ್ಟಲು ಬಂದ ಪುಸ್ತಕಗಳಿಂದಲೇ ಬಂದದ್ದು. ಗಿರಾಕಿ ಬಂದು ಒಯ್ಯುವ ತನಕ ಓದುತ್ತಿದ್ದೆ. ಒಯ್ದ ಮೇಲೆ ಉಳಿದ ಭಾಗ ಅವರ ಪಾಲು. ಆದ್ದರಿಂದ ಹಲವು ಶಾಸ್ತ್ರಗಳ ಮೊದಲರ್ಧ ಮಾತ್ರ ನನಗೆ ಗೊತ್ತು. ಕೊನೆಯಲ್ಲಿ ಲೇಖಕ ಏನು ತೀರ್ಮಾನಿಸಿದನೆಂದು ತಿಳಿಯದ ಕಾರಣ ಎಲ್ಲ ತೀರ್ಮಾನಗಳನ್ನೂ ಅನುಮಾನಿಸುವ ಸ್ವಭಾವ ಬೆಳೆಯಿತು. ನನ್ನ ಹೆಂಡತಿ ಇದಕ್ಕೆ ಹಟವೆಂಬ ಚಿಕ್ಕ ಹೆಸರನ್ನಿಟ್ಟಿದ್ದಳು.

ನನ್ನ ಕಾಯಿಲೆಗೂ ಹಲವು ಹೆಸರು. ಹೆಂಡತಿ ಗೂರಲು ಎನ್ನುತ್ತಿದ್ದಳು, ಬಜಾರಿನವರು ದಮ್ಮು ಎನ್ನುತ್ತಿದ್ದರು, ಚೀಟಿಯಲ್ಲಿ ಆಸ್ತಮಾ ಎಂದಿರುತ್ತಿತ್ತು. ಬಾಳೆಹಣ್ಣು ಬಿಡು, ಮೊಸರು ಬಿಡು ಎಂದರು. ಬಿಟ್ಟೆ. ಆಡುಸೋಗೆ ಕಷಾಯ ಕುಡಿ ಎಂದರು. ಕುಡಿದೆ. ಉಬ್ಬಸ ಎದ್ದಾಗಲೆಲ್ಲ ಒಂದು ಸೂಜಿ, ಒಂದಷ್ಟು ಬಿಳಿ ಮಾತ್ರೆ. ಆ ಮಾತ್ರೆಗಳಿಂದ ಮುಖ ಕಡುಬಿನಂತೆ ಊದಿಕೊಂಡಿತ್ತು. ನಡುನಡುವೆ ಆಸ್ಪತ್ರೆಗೆ ಸೇರಿಸಿ ಆಮ್ಲಜನಕ ಕೊಡಬೇಕಾಗುತ್ತಿತ್ತು. ಈ ಕಾಯಿಲೆಯಲ್ಲಿ ಪ್ರಾಣಕ್ಕಿಂತ ಮೊದಲು ಹೋಗುವುದು ಮಾನ. ಅಂಗಿ ಬಿಚ್ಚಿ, ಕಿಟಕಿಯ ಸರಳು ಹಿಡಿದು, ಬಾಯಿ ತೆರೆದುಕೊಂಡು, ದಾರಿಯಲ್ಲಿ ಹೋಗುವವರೆಲ್ಲರ ಎದುರಿಗೆ ಒಂದು ಗುಟುಕು ಗಾಳಿಗಾಗಿ ಬೇಡುವುದಿದೆಯಲ್ಲ, ಅದನ್ನು ಅನುಭವಿಸಿದವರಿಗೆ ಹೇಳಬೇಕಾಗಿಲ್ಲ. ಪಂಪು ಹಿಡಿದವನ ಕಥೆ ಮುಗಿಯಿತೆಂದು ನಮ್ಮ ಬೀದಿಯಲ್ಲಿ ನಂಬಿದ್ದರು. ಆದ್ದರಿಂದ ಅಂಗಡಿಯಲ್ಲಿ ರಟ್ಟಿನ ಅಟ್ಟಿಯ ಹಿಂದೆ ಗೋಡೆಗೆ ಮುಖ ಮಾಡಿ ನಿಂತು ಪಂಪು ಎಳೆಯುತ್ತಿದ್ದೆ.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಇದು ಆಸ್ತಮಾ ಅಂತ ಯಾರು ಹೇಳಿದ್ದು?"

"ಎಲ್ಲರೂ ಹೇಳಿದಾರೆ."

"ಎಲ್ಲರೂ ಹೇಳಿದಾರೆ ಅಂತ ನೀವು ಒಪ್ಕೊಂಡ್ರಾ? ನೋಡಿದ್ರೆ ಹಾಗೆ ಒಪ್ಕೊಳ್ಳೋ ಜನ ಅನ್ಸಲ್ಲ."

ಅಲ್ಲಿಗೆ ನಾನು ಅವರಿಗೆ ಸೋತೆ. ನನ್ನಂತೆ ಅನುಮಾನಿಸುವ ಇನ್ನೊಬ್ಬ ಮನುಷ್ಯ ಈ ಜಿಲ್ಲೆಯಲ್ಲಿ ಇದ್ದಾನೆಂದು ಆ ತನಕ ಗೊತ್ತಿರಲಿಲ್ಲ. ಉಸಿರಿನ ಬಲವನ್ನು ಮುಳ್ಳಿನಿಂದ ತೋರಿಸುವ ಕೊಳವೆಯೊಂದನ್ನು ಕೊಟ್ಟು ಊದಿಸಿದರು. ಔಷಧಿ ಎಳೆಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಿಸಿದರು. ಮುಳ್ಳು ಎರಡನೆಯ ಸಲ ಮೇಲೆ ಹೋದದ್ದನ್ನು ನನ್ನ ಕಣ್ಣಿಗೇ ತೋರಿಸಿದರು. "ಆಸ್ತಮಾ ಹೌದು. ಇಷ್ಟು ಔಷಧಿ ತಿಂದೂ ಯಾಕೆ ಬಗ್ಗಲ್ಲ ಅನ್ನೋದು ನನಗೆ ಗೊತ್ತಿಲ್ಲ. ಗುರುವಾರ ಬನ್ನಿ, ಎಲ್ಲರೂ ಕೂತು ಕೇಳೋಣ" ಎಂದರು.

ಗೊತ್ತಿಲ್ಲ ಎಂದ ವೈದ್ಯರನ್ನು ನಾನು ಮೊದಲ ಬಾರಿಗೆ ಕಂಡದ್ದು ಅಂದು.

ಗುರುವಾರ ಮಧ್ಯಾಹ್ನ ಆಸ್ಪತ್ರೆಯ ಬಾಗಿಲು ಹಾಕಿ, ಮೇಜಿನ ಸುತ್ತ ನಾಲ್ವರು ಕೂರುತ್ತಿದ್ದರು. ಒಬ್ಬರು ಡಾಕ್ಟರು. ಇನ್ನೊಬ್ಬರು ಸಿಸ್ಟರು, ನಮ್ಮ ಓಲ್ಡ್ ಟೌನಿನವರೇ, ತಮಿಳು ಮನೆಮಾತಿನವರು, ನಾನು ಬರುತ್ತಿದ್ದ ಬಸ್ಸಿನಲ್ಲಿಯೇ ದಿನವೂ ಶಿವಮೊಗ್ಗಕ್ಕೆ ಬರುತ್ತಿದ್ದರು. ಮೂರನೆಯವರು ಉಸಿರಾಟದ ವ್ಯಾಯಾಮ ಕಲಿಸುವ ಹುಡುಗಿ. ಅವಳನ್ನು ರೋಗಿಗಳೆಲ್ಲ ಉಸಿರಿನ ಟೀಚರ್ ಎನ್ನುತ್ತಿದ್ದರು. ನಾಲ್ಕನೆಯವರು ಕೆಳಗಿನ ಔಷಧಿ ಅಂಗಡಿಯ ಸಾಬರು, ಆ ಮೆಟ್ಟಿಲು ಹತ್ತುವ ಎಷ್ಟೋ ಮೊದಲಿನಿಂದ ನಾನು ಪಂಪು ಕೊಳ್ಳುತ್ತಿದ್ದದ್ದು ಅವರಲ್ಲಿಯೇ. ಮೇಜಿನ ಮೇಲೆ ಮಂಡಕ್ಕಿ, ಚಹಾ. ಗುಣವಾಗದೆ ಹಟಮಾಡುವ ಕಾಯಿಲೆಯವರನ್ನು ಒಬ್ಬೊಬ್ಬರನ್ನಾಗಿ ಕರೆದು ಡಾಕ್ಟರ ತಿರುಗುವ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಡಾಕ್ಟರು ಕಾಲು ಅಲುಗುವ ಒಂದು ಸ್ಟೀಲ್ ಸ್ಟೂಲಿನ ಮೇಲೆ.

ಆದರೆ ಆಗಿನ್ನೂ ಆ ಮೇಜಿನಲ್ಲಿ ಡಾಕ್ಟರು ಕೊನೆಯಲ್ಲಿ ಮಾತನಾಡುತ್ತಿರಲಿಲ್ಲ. ಮೊದಲೂ ಅವರೇ, ನಡುವೆಯೂ ಅವರೇ. ಉಳಿದವರು ಹೇಳಿದ್ದನ್ನು ಪ್ರೀತಿಯಿಂದಲೇ ಕೇಳುತ್ತಿದ್ದರು, ಆದರೆ ಮಾತು ಮುಗಿಯುವ ಮೊದಲೇ ಅವರ ಮನಸ್ಸು ಮುಂದೆ ಓಡಿರುತ್ತಿತ್ತು. ಈ ಮಾತನ್ನು ಏಕೆ ಒತ್ತಿ ಹೇಳುತ್ತಿದ್ದೇನೆಂದರೆ, ಈಗ ಎಲ್ಲರೂ ಆ ಪದ್ಧತಿ ಮೊದಲ ದಿನದಿಂದಲೇ ಪೂರ್ಣವಾಗಿ ಅವರ ತಲೆಯಲ್ಲಿತ್ತೆಂದು ನಂಬಿದ್ದಾರೆ.

ಆ ಗುರುವಾರ ನನ್ನ ಸರದಿ. "ಪಂಪ್ ಎಳೆದು ತೋರ್ಸಿ ಅಣ್ಣಾ" ಎಂದರು ಸಿಸ್ಟರು. ತೋರಿಸಿದೆ. "ಅಯ್ಯಯ್ಯೋ, ಅತ್ತರು ಹೊಡ್ಕೊಂಡಂಗೆ ಹೊಡ್ಕೋತೀರಲ್ಲ! ಎಲ್ಲಾ ನಾಲಿಗೆಗೆ ಹೋಯ್ತು. ಶ್ವಾಸಕೋಶಕ್ಕೆ ಏನೂ ಇಲ್ಲ."

ಸಾಬರು ಮಂಡಕ್ಕಿ ಅಗಿಯುತ್ತ, "ನಮ್ಮ ಅಂಗಡೀಲಿ ಸ್ವಾಮಿಗಳು ಉಬ್ಬಸ ಎದ್ದಾಗ ಎಳೆಯೋ ನೀಲಿ ಪಂಪ್ ಮೇಲೆ ನೀಲಿ ಪಂಪ್ ಒಯ್ತಾರೆ. ದಿನಾ ತಗೊಳ್ಳೋ ಇನ್ನೊಂದು ಪಂಪ್ ಬರೆದುಕೊಟ್ರೆ ಮಾತ್ರ ನಾಳೆ ಅಂತಾರೆ. ಆ ನಾಳೆ ಇನ್ನೂ ಬಂದಿಲ್ಲ" ಎಂದರು. ಎಲ್ಲರೂ ನಕ್ಕರು. ನನಗೆ ಮುಖ ಎತ್ತಲಾಗಲಿಲ್ಲ.

ಉಸಿರಿನ ಟೀಚರು, ಹಿಂದಿನ ತಿಂಗಳು ನಾನು ತರೀಕೆರೆಯಲ್ಲಿ ಮಗಳ ಮನೆಯಲ್ಲಿ ಇದ್ದೆನೆಂದು ತಿಳಿದು, ಅಲ್ಲಿ ಉಬ್ಬಸ ಹೇಗಿತ್ತೆಂದು ಕೇಳಿದಳು. ಇರಲಿಲ್ಲ. ಅಂಗಡಿಗೆ ಮರಳಿದ ಮೇಲೆ? ಬಂತು. ಸಿಸ್ಟರು ನನ್ನ ಅಂಗಿಯ ತೋಳನ್ನು ಹಿಡಿದು ಹೊಲಿಗೆಯ ಸಂದಿನಲ್ಲಿದ್ದ ಬಿಳಿ ಪುಡಿಯನ್ನು ತೋರಿಸಿ, ಇದೇನೆಂದು ಕೇಳಿದರು. ಮೈದಾ ಎಂದೆ.

ಪುಸ್ತಕ ಕಟ್ಟುವವರಿಗೆ ಮೈದಾ ಇಲ್ಲದೆ ಕೆಲಸವಿಲ್ಲ. ಮೈದಾವನ್ನು ನೀರಿನಲ್ಲಿ ಕದಡಿ, ಹುಳ ಬೀಳದಂತೆ ಚಿಟಿಕೆ ಮೈಲುತುತ್ತ ಹಾಕಿ ಕಾಯಿಸಿದರೆ ಅಂಟು ಸಿದ್ಧ. ಎಲ್ಲರೂ ಮೈದಾವನ್ನು ಹಾಗೆಯೇ ಸುರಿಯುತ್ತಾರೆ, ಗಂಟಾಗುತ್ತದೆ. ನಾನು ಮಾತ್ರ ಹಳೆಯ ಪಂಚೆಯ ತೆಳು ತುಂಡನ್ನು ಪಾತ್ರೆಯ ಬಾಯಿಗೆ ಕಟ್ಟಿ, ಮೈದಾವನ್ನು ಅದರ ಮೇಲೆ ಕೈಯಾಡಿಸಿ ಜರಡಿ ಹಿಡಿಯುತ್ತಿದ್ದೆ. ಆ ನುಣುಪಿನ ಅಂಟಿನಿಂದ ಕಟ್ಟಿದ ಪುಸ್ತಕದ ಬೆನ್ನು ಬಿಚ್ಚುವುದಿಲ್ಲ. ಓಲ್ಡ್ ಟೌನಿನಲ್ಲಿ ನನಗಿದ್ದ ಹೆಸರೆಲ್ಲ ಆ ಪಂಚೆಯ ತುಂಡಿನದು.

"ಬೇಕರಿಯವರೂ ನೀಲಿ ಪಂಪಿಗೆ ಬರ್ತಾರೆ ಸಾಹೇಬ್ರೇ" ಎಂದರು ಸಾಬರು, ತಮಗೆ ತಾವೇ ಹೇಳಿಕೊಂಡಂತೆ.

ಡಾಕ್ಟರು ಸ್ಟೂಲಿನಿಂದ ಎದ್ದೇಬಿಟ್ಟರು. "ಮೈದಾ! ಇವರ ಉಬ್ಬಸ ಮೈದಾದ್ದು!"

ಮೈದಾ ಬಿಡು ಎಂದರೆ ಕೆಲಸ ಬಿಡು ಎಂದೇ ಅರ್ಥ. ಬಾಳೆಹಣ್ಣು ಬಿಟ್ಟಂತೆ ಅದನ್ನೂ ಬಿಡಲು ಸಾಧ್ಯವಿರಲಿಲ್ಲ. ಕೆಲಸ ಹೋದರೆ ಓದುವುದೂ ಹೋಯಿತು. ಆಗ ನಾನು ಯಾರು? ಆದ್ದರಿಂದ ಕೇಳಿದೆ, "ಏನು ರುಜುವಾತು? ಮೊನ್ನೆ ಬಾಳೆಹಣ್ಣು ಅಂದ್ರು, ಇವತ್ತು ಮೈದಾ ಅಂತೀರಿ. ಮೈದಾ ಮುಟ್ಟಿದ ಕೂಡಲೇ ನನಗೆ ಯಾವತ್ತೂ ಉಬ್ಬಸ ಬಂದಿಲ್ಲ. ತೋರಿಸಿ, ಒಪ್ತೀನಿ."

ಡಾಕ್ಟರ ಕಣ್ಣು ಮಿಂಚಿದ್ದನ್ನು ನಾನು ಇಂದಿಗೂ ಕಾಣಬಲ್ಲೆ. ಗುರುವಿನ ಕಣ್ಣಲ್ಲ ಅದು. ಜೊತೆಗೆ ಗೋಲಿಯಾಡಲು ಒಬ್ಬ ಸಿಕ್ಕಿದ ಹುಡುಗನ ಕಣ್ಣು. "ಬರೋ ಗುರುವಾರ ನಿಮ್ಮ ಮೈದಾ, ಪಂಚೆ ತುಂಡು ಎಲ್ಲಾ ತನ್ನಿ. ಇಲ್ಲೇ ಜರಡಿ ಹಿಡೀರಿ. ಆಮೇಲೆ ಕೊಳವೆ ಊದಿ ನೋಡೋಣ. ಯಾರು ಸರಿ ಅಂತ ಗೊತ್ತಾಗತ್ತೆ."

"ಬೇಡ ಸರ್" ಎಂದರು ಸಿಸ್ಟರು.

"ನಾವೆಲ್ಲ ಇಲ್ಲೇ ಇರ್ತೀವಲ್ಲ ಸಿಸ್ಟರ್, ಭಯ ಏನು?"

"ಬೇಡ ಸರ್."

ಡಾಕ್ಟರು ನಕ್ಕರು. ನಾನೂ ನಕ್ಕೆ. ಇಬ್ಬರು ವಾದಪ್ರಿಯರ ನಡುವೆ ಆ ಎರಡು ಮಾತು ಎಲ್ಲಿಯೋ ಬಿದ್ದುಹೋಯಿತು.

ಮುಂದಿನ ಗುರುವಾರ ನಾನು ಒಗೆದ ಬಿಳಿ ಅಂಗಿ ಹಾಕಿಕೊಂಡು, ಚರ್ಚಾಸ್ಪರ್ಧೆಗೆ ಹೊರಟವನಂತೆ ಬಸ್ಸು ಹತ್ತಿದೆ. ಚೀಲದಲ್ಲಿ ಮೈದಾ, ಪಾತ್ರೆ, ಪಂಚೆಯ ತುಂಡು. ಕಿಟಕಿಗಳನ್ನು ಮುಚ್ಚಿಸಿದ ಆ ಕೋಣೆಯಲ್ಲಿ, ಡಾಕ್ಟರ ಮೇಜಿನ ಮೇಲೆಯೇ ಜರಡಿ ಹಿಡಿದೆ. ನನ್ನ ಕೈಯ ಕೆಲಸವನ್ನು ಓದಿದವರ ಎದುರಿಗೆ ಮಾಡಿ ತೋರಿಸುವ ಸಂತೋಷಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಹಿಡಿದೆ. ಕಿಟಕಿಯ ಗಾಜಿನಿಂದ ಬಂದ ಬಿಸಿಲಿನಲ್ಲಿ ಹಿಟ್ಟಿನ ಹುಡಿ ಹೊಗೆಯಂತೆ ಎದ್ದಿತು.

ಏನೂ ಆಗಲಿಲ್ಲ. ಕೊಳವೆ ಊದಿದೆ, ಮುಳ್ಳು ಇಳಿಯಲಿಲ್ಲ. "ನೋಡಿದ್ರಾ!" ಎಂದೆ. ಚಹಾ ಬಂತು, ಕುಡಿದೆ. ಡಾಕ್ಟರು ಪೆಚ್ಚಾಗಿ, ಮೇಜಿನ ಮೇಲೆ ಚೆಲ್ಲಿದ್ದ ಹಿಟ್ಟನ್ನು ತಾವೇ ಅಂಗೈಯಿಂದ ಬಳಿದು ಒಂದು ಕಡೆ ಗುಡ್ಡೆ ಮಾಡುತ್ತಿದ್ದರು. ಪುಸ್ತಕದ ವಿದ್ಯೆಗೂ ಕೈಯ ವಿದ್ಯೆಗೂ ಇರುವ ಅಂತರದ ಬಗ್ಗೆ ನಾನು ಒಂದು ಉಪನ್ಯಾಸವನ್ನೇ ಆರಂಭಿಸಿದೆ. ಸಿಸ್ಟರು ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ, ಉಸಿರೆಳೆದಾಗ ಒಳಸರಿಯುತ್ತಿದ್ದ ನನ್ನ ಕತ್ತಿನ ಬುಡವನ್ನೇ ನೋಡುತ್ತಿದ್ದರು. ಒಂದು ವಾಕ್ಯದ ನಡುವೆ, ಕ್ರಿಯಾಪದಕ್ಕೆ ಬರುವ ಮೊದಲು, ಉಸಿರು ಮುಗಿದುಹೋಯಿತು.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಹಿಂದೆ ಎಂದೂ ಬಂದಿರದಂಥ ಉಬ್ಬಸ ಅದು. ಎದೆಯನ್ನು ಯಾರೋ ಬೈಂಡಿಂಗ್ ಪ್ರೆಸ್ಸಿನಲ್ಲಿಟ್ಟು ತಿರುಪು ಬಿಗಿಯುತ್ತಿದ್ದರು. ಮೂಗಿಗೆ ಮುಖವಾಡ, ಔಷಧಿಯನ್ನು ಮಂಜು ಮಾಡಿ ಊದುವ ಯಂತ್ರದ ಸದ್ದು. ಸಾಬರು ಕೆಳಗಿನಿಂದ ಏನೋ ತಂದರು. ಟೀಚರು ನನ್ನ ಬೆನ್ನ ಹಿಂದೆ ಮಂಡಿಯೂರಿ ಕುಳಿತು, "ಬಿಡಿ, ಬಿಡಿ, ನಿಧಾನಕ್ಕೆ ಹೊರಗೆ ಬಿಡಿ" ಎನ್ನುತ್ತಲೇ ಇದ್ದಳು. ಡಾಕ್ಟರು ಸೂಜಿ ಹಿಡಿದು ಬಂದರು. ಆಗ ಸಿಸ್ಟರು, ನಾನು ಅದುವರೆಗೆ ಕೇಳಿರದ ದನಿಯಲ್ಲಿ ಹೇಳಿದರು:

"ಕೈ ತೊಳ್ಕೊಂಡು ಬನ್ನಿ ಸರ್. ಆ ಹಿಟ್ಟಿನ ಕೈಯಲ್ಲಿ ಅವರ ಹತ್ರ ಬರಬೇಡಿ."

ಡಾಕ್ಟರು ತಮ್ಮ ಅಂಗೈಯನ್ನು ನೋಡಿಕೊಂಡರು. ಬೆಳ್ಳಗಿತ್ತು. ಸೂಜಿಯನ್ನು ಸಿಸ್ಟರ ಕೈಗೆ ಕೊಟ್ಟು ಒಳಗೆ ಹೋದರು. ನಲ್ಲಿಯ ಸದ್ದು ಕೇಳುತ್ತಲೇ ಇತ್ತು, ಬಹಳ ಹೊತ್ತು.

ನಾನು ಬದುಕಿದೆ. ಬದುಕಿಸಿದವರು ಯಾರೆಂದು ಕೇಳಿದರೆ ಒಬ್ಬರ ಹೆಸರು ಹೇಳಲಾರೆ. ಮಂಚದ ಬಳಿ ಬಂದ ಡಾಕ್ಟರು, "ತಪ್ಪಾಯ್ತು ಯಜಮಾನ್ರೇ" ಎಂದು ಅಷ್ಟೇ ಹೇಳಿದರು. ನಾನು ಮುಖವಾಡ ಸರಿಸಿ, "ರುಜುವಾತು ಸಿಕ್ತು ಬಿಡಿ" ಎಂದೆ. ಎಂಥ ಚಮತ್ಕಾರದ ಉತ್ತರ ಕೊಟ್ಟೆನೆಂದು ನನಗೆ ನಾನೇ ಮೆಚ್ಚಿಕೊಂಡೆ.

ಅಂದಿನಿಂದ ಆ ಮೇಜಿನ ನಿಯಮ ಬದಲಾಯಿತು. ಎಲ್ಲರೂ ಹೇಳಿ ಮುಗಿಸಿದ ಮೇಲೆ ಮಾತ್ರ ಡಾಕ್ಟರು ಬಾಯಿ ತೆರೆಯುವುದು. ಯಾರೇ ಒಬ್ಬರು ಬೇಡ ಎಂದರೂ ಆ ಕೆಲಸ ಅಲ್ಲಿಗೆ ನಿಂತಿತು. ಕಾರಣವನ್ನು ಆಮೇಲೆ ಕೇಳಬಹುದು, ಮೊದಲು ನಿಲ್ಲಿಸಬೇಕು. ಮಾತು ನಾಲಿಗೆಯ ತುದಿಗೆ ಬಂದಾಗ ಡಾಕ್ಟರು ಒಂದು ಹಿಡಿ ಮಂಡಕ್ಕಿಯನ್ನು ಬಾಯಿಗೆ ಹಾಕಿಕೊಂಡುಬಿಡುತ್ತಿದ್ದರು. ಹೊಸದಾಗಿ ಸೇರಿದವರಿಗೆ ಅವರು ಮಂಡಕ್ಕಿಪ್ರಿಯರಂತೆ ಕಂಡಿರಬೇಕು. "ನನ್ನ ಕಿವಿಗೆ ಎರಡೇ ತೂತು. ಉಳಿದದ್ದಕ್ಕೆ ಇವರನ್ನ ಇಟ್ಕೊಂಡಿದೀನಿ" ಎನ್ನುತ್ತಿದ್ದರು.

ನನ್ನ ಕೆಲಸದ ಪ್ರಶ್ನೆಯನ್ನೂ ಆ ಮೇಜಿಗೇ ತಂದರು. ಕೆಲಸ ಬಿಡಿ ಎಂದು ಒಬ್ಬರೂ ಹೇಳಲಿಲ್ಲ. ಡಬ್ಬಿಯಲ್ಲಿ ಬರುವ ಬಿಳಿ ಅಂಟನ್ನು ಸಾಬರು ಸೂಚಿಸಿದರು. "ಅದು ಅಂಟಲ್ಲ, ಮೋಸ" ಎಂದೆ. "ಸ್ವಾಮಿ, ಪುಸ್ತಕ ಬಿಚ್ಕೊಂಡ್ರೆ ಮತ್ತೆ ಕಟ್ಬಹುದು. ನಿಮ್ಮನ್ನ ಯಾರು ಕಟ್ತಾರೆ?" ಎಂದರು ಅವರು. ಅಂಗಡಿಯಿಂದ ಮೈದಾ ಹೊರಗೆ ಹೋಯಿತು. ದಿನವೂ ತೆಗೆದುಕೊಳ್ಳಬೇಕಾದ ಪಂಪನ್ನು ಬೆಳಗ್ಗೆ ಸಂಜೆ, ಹಲ್ಲುಜ್ಜುವುದಕ್ಕೆ ಮೊದಲು ಎಳೆದು, ಬಾಯಿ ಮುಕ್ಕಳಿಸಿ ಉಗುಳುವುದನ್ನು ಸಿಸ್ಟರು ಕಲಿಸಿದರು. ನೆಲದ ಮೇಲೆ ಗೂನಿಕೊಂಡು ಹೊಲಿಯುತ್ತಿದ್ದವನಿಗೆ ಟೀಚರು ಎತ್ತರದ ಮೇಜು ಹಾಕಿಸಿದಳು. ಬಿಳಿ ಮಾತ್ರೆಯನ್ನು ಡಾಕ್ಟರು ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ಒಂದು ಮಳೆಗಾಲ ಕಳೆಯುವ ಹೊತ್ತಿಗೆ ನನ್ನ ಮುಖ ನನಗೆ ಮರಳಿ ಬಂದಿತ್ತು. ಆಸ್ಪತ್ರೆ ಸೇರುವುದು ನಿಂತೇಹೋಯಿತು. ಬಿಳಿ ಅಂಟಿನ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಈಗಲೂ ಬದಲಾಗಿಲ್ಲ.

ಮುಂದೆ ನಾನು ಗುರುವಾರಗಳಲ್ಲಿ ಆಗಾಗ ಸುಮ್ಮನೆ ಹೋಗಿ ಕೂರುತ್ತಿದ್ದೆ. ಪಂಪಿಗೆ ಹೆದರುವ ಹೊಸ ರೋಗಿಗಳ ಮುಂದೆ ಡಾಕ್ಟರು ನನ್ನನ್ನು ತೋರಿಸಿ, "ಇವರು ನನಗೆ ಪಾಠ ಕಲಿಸಿದ ಗುರುಗಳು" ಎನ್ನುತ್ತಿದ್ದರು. ನಾನು ಬೀಗುತ್ತಿದ್ದೆ. ಮೈದಾದ ಕಥೆಯನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಅಂಗಡಿಗೆ ಬಂದ ಗಿರಾಕಿಗಳಿಗೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ, ಮದುವೆಮನೆಯ ಪಂಕ್ತಿಯಲ್ಲಿ. ಹೇಳಿ ಹೇಳಿ ಅದಕ್ಕೆ ಒಂದು ಹೊಳಪು ಬಂದಿತ್ತು. ಡಾಕ್ಟರು ಹಿಟ್ಟಿನ ಕೈ ನೋಡಿಕೊಂಡು ನಿಂತ ಭಂಗಿಯನ್ನು ಮಾಡಿ ತೋರಿಸುತ್ತಿದ್ದೆ, ಜನ ಬಿದ್ದು ಬಿದ್ದು ನಗುತ್ತಿದ್ದರು. "ಸತ್ತು ರುಜುವಾತು ತಗೊಂಡೋನು ನಾನೊಬ್ಬನೇ" ಎಂಬುದು ಅದರ ಕೊನೆಯ ಸಾಲು. ಒಂದೆರಡು ಸಲ ಡಾಕ್ಟರ ಎದುರಿಗೇ ಹೇಳಿದ್ದುಂಟು. ಅವರು ಮಂಡಕ್ಕಿಯ ತಟ್ಟೆಗೆ ಕೈ ಹಾಕುತ್ತಿದ್ದರು.

ಸಂತಾಪಸಭೆಯಲ್ಲಿ, ಕೈಗುಣದ ಮತ್ತು ಪರದೇಶದ ಕಥೆಗಳನ್ನು ಕೇಳಿ ತಡೆಯಲಾರದೆ ನಾನು ಎದ್ದು ನಿಂತೆ. ಯಾರೂ ಕರೆದಿರಲಿಲ್ಲ. "ಇಲ್ಲಿ ಹೇಳಿದ್ದು ಯಾವುದೂ ಹಾಗಲ್ಲ" ಎಂದು ಆರಂಭಿಸಿದೆ. ಸತ್ಯಕ್ಕೆ ಸೇವೆ ಸಲ್ಲಿಸುತ್ತಿದ್ದೇನೆಂಬ ನಂಬಿಕೆ ನನಗೆ. ಆದರೆ ನಾಲಿಗೆಗೆ ಬಂದದ್ದು ಆ ಹೊಳಪಿನ ಕಥೆಯೇ, ಅದೇ ಭಂಗಿ, ಅದೇ ಕೊನೆಯ ಸಾಲು. ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ಮುಂದಿನ ಸಾಲಿನವರು ನಗಲಿಲ್ಲ. ನಿರೂಪಕರು ಸಮಯದ ಅಭಾವವೆಂದರು. ನಾನು ಕುಳಿತೆ. ಎರಡು ಕುರ್ಚಿಗಳಾಚೆ ಸಿಸ್ಟರಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಕಡೆ ತಿರುಗಲಿಲ್ಲ.

ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಡಾಕ್ಟರ ಮನೆಯವರು ಬಾಗಿಲ ಬಳಿಗೆ ಬಂದರು. ಅವರನ್ನು ನಾನು ದೂರದಿಂದ ಕಂಡಿದ್ದೆನೇ ಹೊರತು ಮಾತನಾಡಿಸಿರಲಿಲ್ಲ. ಬೈಯುತ್ತಾರೆಂದುಕೊಂಡೆ. ಬೈಯಲು ಹಕ್ಕೂ ಇತ್ತು.

"ನೀವು ಹೇಳಿದ್ರಲ್ಲ, ಹಿಟ್ಟು ಜರಡಿ ಹಿಡಿದದ್ದು. ಅದು ನಿಜವಾಗ್ಲೂ ಆಗಿದ್ದಾ?"

"ಹೌದಮ್ಮಾ."

"ಯಾವಾಗ? ನಾವು ವಿದ್ಯಾನಗರದ ಮನೆಗೆ ಬರೋ ಮುಂಚೆನಾ?"

ಹೌದೆಂದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಆ ಮನೆಗೆ ಬಂದಾಗಿನಿಂದ ನೋಡ್ತಿದ್ದೆ, ಯುಗಾದಿಗೆ ಹೋಳಿಗೆ ಮಾಡ್ತೀವಲ್ಲ. ಕಣಕಕ್ಕೆ ನಾನು ಜರಡಿ ಕೈಗೆ ತಗೊಂಡ್ರೆ ಸಾಕು, ಇವರು ಎದ್ದು ಹೊರಗೆ ಹೋಗಿಬಿಡೋರು. ತಲೆಬಾಗಿಲಾಚೆ ನಿಂತಿರೋರು, ನಾನು ಹಿಟ್ಟೆಲ್ಲ ಒರೆಸಿ ಎತ್ತಿಡೋ ತನಕ. ಹಬ್ಬದ ದಿನ ಒಂದು ಕೈ ಸಹಾಯ ಮಾಡೋಕೆ ಸೋಮಾರಿತನ ಅಂದ್ಕೊಂಡಿದ್ದೆ. 'ನಿಮ್ಮಪ್ಪನಿಗೆ ಜರಡಿ ಕಂಡ್ರೆ ಭಯ' ಅಂತ ಮಕ್ಕಳ ಮುಂದೆ ಆಡ್ಕೊಂಡು ನಕ್ಕಿದೀನಿ. ಅವರೂ ನಗೋರು."

ಸಿಕ್ಕಿದ್ದ ಒಂದು ಚಪ್ಪಲಿ ನನ್ನ ಕೈಯಲ್ಲಿಯೇ ಇತ್ತು.

"ನಿಮ್ಮ ಹತ್ರ ಏನಾದ್ರೂ ಹೇಳ್ಕೊಂಡಿದ್ರಾ? ಗುರುಗಳು ಅಂತಿದ್ರಂತೆ ನಿಮ್ಮನ್ನ."

"ಇಲ್ಲಮ್ಮಾ."

"ನೀವು ಯಾವತ್ತಾದ್ರೂ ಕೇಳಿದ್ರಾ?"

ಆಕ್ಷೇಪಣೆಯ ದನಿಯಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದರು. ಆ ಹೆಣ್ಣುಮಗಳಿಗೆ ಗಂಡನ ವಿಚಾರದಲ್ಲಿ ಬೇಕಾಗಿದ್ದದ್ದು ಇದೊಂದೇ, ಅದು ನನ್ನ ಬಳಿ ಇರಲಿಲ್ಲ. ಎಂದೋ ಸತ್ತ ರಾಜರು ಯಾವ ದಾರಿಯಿಂದ ದಂಡು ನಡೆಸಿದರೆಂದು, ಪುಸ್ತಕ ಕಟ್ಟಿಸಲು ಬಂದ ಪ್ರೊಫೆಸರುಗಳ ಜೊತೆ ಜಗಳವಾಡಿದವನು ನಾನು. ಬಾಳೆಹಣ್ಣಿಗೂ ಉಬ್ಬಸಕ್ಕೂ ಏನು ಸಂಬಂಧವೆಂದು ಸಿಕ್ಕ ಸಿಕ್ಕವರನ್ನೆಲ್ಲ ಕೇಳಿದವನು. ಮೇಜಿನ ಆಚೆ ಕುಳಿತು, ನನ್ನ ಕಥೆಯ ಕೊನೆಯ ಸಾಲು ಬರುವ ಮೊದಲು ಮಂಡಕ್ಕಿಯ ತಟ್ಟೆಗೆ ಕೈ ಹಾಕುತ್ತಿದ್ದ ಮನುಷ್ಯನನ್ನು ಒಂದು ದಿನವೂ ಏನೂ ಕೇಳಿರಲಿಲ್ಲ.

"ಕೇಳಲಿಲ್ಲಮ್ಮಾ" ಎಂದೆ.

ಅವರು ತಲೆಯಾಡಿಸಿ, ಒಳಗೆ ಯಾರೋ ಕರೆದರೆಂದು ಹೋದರು.

ಭದ್ರಾವತಿಯ ಬಸ್ಸಿನಲ್ಲಿ ಸಿಸ್ಟರು ನನ್ನ ಪಕ್ಕದ ಸೀಟಿನಲ್ಲಿಯೇ ಕುಳಿತರು, ಬೇರೆ ಕಡೆ ಜಾಗವಿರಲಿ ಇಲ್ಲದಿರಲಿ ಅವರ ರೂಢಿ ಅದು. ನನಗೆ ಎದೆ ಬಿಗಿಯುತ್ತಿತ್ತು, ಸಭಾಂಗಣದಲ್ಲಿ ಹಚ್ಚಿದ್ದ ಊದುಬತ್ತಿಯಿಂದಲೋ, ಏನೋ. ಕೊನೆಗೆ ನಾನೇ ಕೇಳಿದೆ, "ಸಿಸ್ಟರ್, ಆವತ್ತು ಡಾಕ್ಟ್ರು ಒಳಗೆ ಹೋದ್ರಲ್ಲ, ಕೈ ತೊಳೆಯೋಕೆ. ಅಷ್ಟು ಹೊತ್ತು ಏನು ಮಾಡ್ತಿದ್ರು?"

"ಈಗ ಕೇಳ್ತೀರಾ?" ಎಂದರು ಅವರು.

ಕೈಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡರು. "ಕೈ ತೊಳೀತಾನೇ ಇದ್ರು ಅಣ್ಣಾ. ಹಿಟ್ಟು ಹೋದ ಮೇಲೂ. ನಾನೇ ಹೋಗಿ ನಲ್ಲಿ ನಿಲ್ಸಿದೆ." ಆಮೇಲೆ ನನ್ನ ಉಸಿರಿನ ಸದ್ದು ಕೇಳಿಸಿರಬೇಕು. "ಮೊದ್ಲು ಪಂಪ್ ತಗೊಳ್ಳಿ" ಎಂದರು.

ಜೇಬಿನಿಂದ ಪಂಪು ತೆಗೆದೆ. ಕಿಟಕಿಯ ಕಡೆಗೆ ತಿರುಗಿ ಮರೆಮಾಡುವುದು ನನ್ನ ಹಳೆಯ ಚಾಳಿ. ಅಂದು ತಿರುಗಲಿಲ್ಲ. ಎಳೆದು, ಬಾಯಿ ಮುಚ್ಚಿ, ಉಸಿರು ಬಿಗಿಹಿಡಿದೆ. ಪಕ್ಕಕ್ಕೆ ಕಣ್ಣು ಹೋಯಿತು. ಸಿಸ್ಟರು ಎದುರಿನ ಸೀಟಿನ ಕಂಬಿಯನ್ನು ಹಿಡಿದು ಕುಳಿತಿದ್ದರು. ಅವರ ಕೆನ್ನೆ ಉಬ್ಬಿತ್ತು. ಅವರೂ ಉಸಿರು ಬಿಗಿಹಿಡಿದಿದ್ದರು, ತಮಗೆ ಅರಿವೇ ಇಲ್ಲದೆ, ಡಾಕ್ಟರು ಹಿಡಿಯುತ್ತಿದ್ದ ಹಾಗೆಯೇ. ನಾನು ಬಿಡುವ ತನಕ ಅವರೂ ಬಿಡುವುದಿಲ್ಲವೆಂದು ಗೊತ್ತಿತ್ತು. ಆದರೂ ಅವರ ಮುಖ ನೋಡಲಾರದೆ, ಕಣ್ಣು ಮುಚ್ಚಿ, ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದೆ.